ಈ ವಾರದ ಹೆಸರು: ನೀಲಮ್ಮ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಕಡೆಯಿಂದ ಒಂದು ಪತ್ರ ಬಂದಿದೆ. ಬರೆದವಳು ಒಂಬತ್ತನೇ ತರಗತಿಯ ಹುಡುಗಿ. ಎರಡು ಪುಟ, ದುಂಡನೆಯ ಅಕ್ಷರ. ಅದರ ಸಾರ ಇಷ್ಟು.

ಅವಳ ಹೆಸರು ನೀಲಮ್ಮ. ಅಪ್ಪನ ತಾಯಿಯ ಹೆಸರನ್ನೇ ಅವಳಿಗೂ ಇಟ್ಟಿದ್ದಾರೆ. ತರಗತಿಯ ತುಂಬ ಅನನ್ಯಾ, ಸಿಂಚನಾ, ಸೃಷ್ಟಿ ಎಂಬ ಹೆಸರುಗಳು. ಹಾಜರಿ ಕೂಗುವಾಗ ಇವಳ ಸರದಿ ಬಂದರೆ ಹಿಂದಿನ ಬೆಂಚಿನಿಂದ "ಅಜ್ಜಿ ಬಂದ್ಳು" ಎಂಬ ಪಿಸುಮಾತು, ಆಮೇಲೆ ನಗು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಅಂಕಪಟ್ಟಿಯಲ್ಲಿ ಬಂದ ಹೆಸರು ಕೊನೆಯವರೆಗೂ ಬೆನ್ನು ಬಿಡುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದಾರೆ. ಅದಕ್ಕೇ ಈಗಲೇ ನೀಲಿಮಾ ಎಂದು ಬದಲಾಯಿಸಿಕೊಳ್ಳಬೇಕು ಅಂತ ಅವಳ ಆಸೆ. ಅಪ್ಪ "ಆಗಲಿ" ಅಂದಿದ್ದಾನೆ. ಅಮ್ಮ "ನಿಮ್ಮಿಷ್ಟ" ಅಂದಿದ್ದಾಳೆ. ಅಜ್ಜಿ ಮಾತ್ರ ಏನೂ ಹೇಳದೆ ಎದ್ದು ಹೋಗಿ ಎಮ್ಮೆಗೆ ಮೇವು ಹಾಕಿದಳಂತೆ. "ಅಜ್ಜಿಗೆ ಓದು ಬರಹ ಬರೋದಿಲ್ಲ, ಹೆಬ್ಬೆಟ್ಟು ಒತ್ತುತ್ತಾಳೆ. ಅವಳಿಗೆ ಬೇಜಾರಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ನೀವೇ ಹೇಳಿ ತಾತಾ" ಎಂದು ಪತ್ರ ಮುಗಿದಿದೆ.

ನಾನೂ ಆ ಸೀಮೆಯವನೇ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಇಡೀ ಉದ್ಯೋಗಕಾಲ ಜನರ ಹೆಸರು ಬರೆದವನು. ಹಾಗಾಗಿ ಈ ವಾರ ನೀಲಮ್ಮ ಎಂಬ ಹೆಸರಿನ ಲೆಕ್ಕ ತೆಗೆಯೋಣ. ಜಮೆ ಎಷ್ಟು, ಖರ್ಚು ಎಷ್ಟು ಎಂದು ನೋಡಿದ ಮೇಲೆ ಉತ್ತರ ಹೇಳುತ್ತೇನೆ.

ಮೊದಲು ಅರ್ಥ. ನೀಲ ಎಂದರೆ ನೀಲಿ ಬಣ್ಣ ಎಂದು ಎಲ್ಲರಿಗೂ ಗೊತ್ತು. ಆದರೆ ಸಂಸ್ಕೃತದ ಈ ಪದಕ್ಕೆ ಆಕಾಶದ ತಿಳಿನೀಲಿಗಿಂತ ಗಾಢವಾದ ಅರ್ಥವಿದೆ. ಕಪ್ಪಿಗೆ ಹತ್ತಿರದ ಕಡುನೀಲಿ ಅದು. ಅಮರಕೋಶವು ನೀಲ ಎಂಬ ಪದವನ್ನು ಕೃಷ್ಣ, ಶ್ಯಾಮ, ಶ್ಯಾಮಲ, ಕಾಲ ಎಂಬ ಕಪ್ಪು ಬಣ್ಣದ ಪದಗಳ ಜೊತೆಗೇ ಕೂರಿಸಿದೆ. ನೀರು ತುಂಬಿದ ಮೋಡದ ಬಣ್ಣ, ನವಿಲಿನ ಕತ್ತಿನ ಬಣ್ಣ, ವಿಷ ಕುಡಿದ ಶಿವನ ಕೊರಳಿನ ಬಣ್ಣ. ನೀಲಕಂಠ, ನೀಲಮೇಘಶ್ಯಾಮ ಎಂಬ ಹೆಸರುಗಳೆಲ್ಲ ಅಲ್ಲಿಂದ ಬಂದವು. ಮಳೆ ಕೈಕೊಡುವ ನಮ್ಮ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯಲ್ಲಿ ಕಪ್ಪು ಮೋಡ ಕಂಡರೆ ಮುಖ ಸಿಂಡರಿಸುವವರು ಯಾರೂ ಇಲ್ಲ, ಕೈ ಮುಗಿಯುತ್ತಾರೆ. ಬಣ್ಣ ಕಪ್ಪೆಂದು ಹೆಣ್ಣುಮಕ್ಕಳನ್ನು ಆಡಿಕೊಳ್ಳುವವರು ಈ ಹೆಸರಿನ ಎದುರು ಒಂದು ಗಳಿಗೆ ನಿಲ್ಲಬೇಕು. ಗಾಢ ಬಣ್ಣವನ್ನು ಚೆಲುವೆಂದು ಕಂಡವರು ಇಟ್ಟ ಹೆಸರಿದು.

ಈ ಪದ ಊರೂರು ಸುತ್ತಿದೆ. ಬಟ್ಟೆಗೆ ಬಣ್ಣ ಕೊಡುವ ಒಂದು ಗಿಡಕ್ಕೆ ನೀಲಿ ಎಂದೇ ಹೆಸರು. ಆ ಬಣ್ಣ ವ್ಯಾಪಾರಿಗಳ ಜೊತೆ ಪಶ್ಚಿಮಕ್ಕೆ ಹೋದಾಗ ಪದವೂ ಹೋಯಿತು. ಪರ್ಷಿಯನ್ನರ ಬಾಯಲ್ಲಿ ನೀಲ್, ಅರಬರ ಬಾಯಲ್ಲಿ ಅನ್‌ನೀಲ್, ಪೋರ್ಚುಗೀಸರ ಬಾಯಲ್ಲಿ ಅನಿಲ್. ರಸಾಯನಶಾಸ್ತ್ರ ಓದುವ ಮಕ್ಕಳಿಗೆ ಗೊತ್ತಿರುವ ಅನಿಲಿನ್ ಎಂಬ ವಸ್ತುವಿನ ಹೆಸರಿನ ಮೂಲ ಅದೇ. ಇಂಗ್ಲಿಷಿನಲ್ಲಿ ತಿಳಿನೇರಳೆ ಹೂವಿಗೆ ಲೈಲಾಕ್ ಎನ್ನುತ್ತಾರಲ್ಲ, ಅದೂ ಪರ್ಷಿಯನ್ ನೀಲ್‌ನ ಮೊಮ್ಮಗಳೇ. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದು ಈ ನೀಲಿ ಗಿಡವನ್ನು ಬಲವಂತವಾಗಿ ಬೆಳೆಸುತ್ತಿದ್ದ ರೈತರ ಕಷ್ಟ ಕೇಳಲು. ಇವತ್ತು ನೀವು ಹಾಕುವ ಜೀನ್ಸ್ ಪ್ಯಾಂಟಿನ ಬಣ್ಣವೂ ಅದೇ ನೀಲಿ. ಈಗ ಗಿಡದ ಬದಲು ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಅಷ್ಟೇ.

ಇನ್ನು ವ್ಯಾಕರಣ. ಎಂಟು, ಒಂಬತ್ತು, ಹತ್ತನೇ ತರಗತಿಯವರು ಇಲ್ಲಿ ಸ್ವಲ್ಪ ನೆಟ್ಟಗೆ ಕೂರಿ. ನೀಲ ಎಂಬ ಒಂದೇ ಪದದಿಂದ ಮೂರು ಸಂಧಿ ಕಲಿಯಬಹುದು.

ನೀಲ + ಅಮ್ಮ = ನೀಲಮ್ಮ. ಇಲ್ಲಿ ಮೊದಲ ಪದದ ಕೊನೆಯ ಅಕಾರ ಬಿದ್ದುಹೋಗಿದೆ. ಲೋಪಸಂಧಿ, ಅಚ್ಚ ಕನ್ನಡದ ನಿಯಮ. ನೀಲ + ಅವ್ವ = ನೀಲವ್ವ ಎಂಬುದೂ ಹೀಗೆಯೇ.

ನೀಲ + ಅಂಬಿಕೆ = ನೀಲಾಂಬಿಕೆ. ಇಲ್ಲಿ ಎರಡು ಅಕಾರ ಸೇರಿ ದೀರ್ಘವಾಗಿದೆ. ಸವರ್ಣದೀರ್ಘ ಸಂಧಿ, ಸಂಸ್ಕೃತದ ನಿಯಮ.

ನೀಲ + ಉತ್ಪಲ = ನೀಲೋತ್ಪಲ. ಅಕಾರಕ್ಕೆ ಉಕಾರ ಸೇರಿ ಓಕಾರವಾಗಿದೆ. ಗುಣಸಂಧಿ. ನೀಲೋತ್ಪಲ ಎಂದರೆ ಕನ್ನೈದಿಲೆ. ಈ ಪದ ಪರ್ಷಿಯಾಕ್ಕೆ ಹೋಗಿ ನೀಲೋಫರ್ ಆಯಿತು, ಹೆಣ್ಣುಮಕ್ಕಳ ಹೆಸರಾಗಿ ನಮ್ಮ ಊರುಗಳಿಗೇ ಮರಳಿ ಬಂತು. ನಿಮ್ಮ ತರಗತಿಯಲ್ಲಿ ನಿಲೋಫರ್ ಎಂಬ ಹುಡುಗಿ ಇದ್ದರೆ ಅವಳೂ ನೀಲಮ್ಮನೂ ಹೆಸರಿನ ಲೆಕ್ಕದಲ್ಲಿ ಅಕ್ಕತಂಗಿಯರು.

ಅಂಬಿಕೆ ಎಂದರೂ ತಾಯಿ, ಅಮ್ಮ ಎಂದರೂ ತಾಯಿ, ಅವ್ವ ಎಂದರೂ ತಾಯಿ. ಆದ್ದರಿಂದ ನೀಲಾಂಬಿಕೆ ಶುದ್ಧ, ನೀಲಮ್ಮ ಅದರ ಹಳ್ಳಿ ರೂಪ, ನೀಲವ್ವ ಇನ್ನೂ ಒಂದು ಮೆಟ್ಟಿಲು ಕೆಳಗೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸಂಸ್ಕೃತದ ಮನೆಯಲ್ಲಿ ಸಂಸ್ಕೃತದ ನಿಯಮ ನಡೆಯುತ್ತದೆ, ಕನ್ನಡದ ಮನೆಯಲ್ಲಿ ಕನ್ನಡದ ನಿಯಮ. ಮೂರೂ ಸರಿಯಾದ ಹೆಸರುಗಳೇ.

ಹುಡುಗಿ ಕೇಳಿರುವ ನೀಲಿಮಾ ಕೂಡ ಒಳ್ಳೆಯ ಪದ. ಮಹಿಮೆ, ಗರಿಮೆ ಇದ್ದ ಹಾಗೆ ನೀಲಿಮೆ. ನೀಲಿಯಾಗಿರುವ ಗುಣ ಎಂದು ಅರ್ಥ. ಚಂದವಾಗಿದೆ. ಆದರೆ ನೀಲಿಮಾ ಎಂಬುದರಲ್ಲಿ ಒಂದು ಬಣ್ಣ ಇದೆ. ನೀಲಮ್ಮ ಎಂಬುದರಲ್ಲಿ ಒಬ್ಬ ವ್ಯಕ್ತಿ ಇದ್ದಾಳೆ.

ಆ ವ್ಯಕ್ತಿ ಯಾರು? ವೈಷ್ಣವರಲ್ಲಿ ಶ್ರೀದೇವಿ, ಭೂದೇವಿಯರ ಜೊತೆ ನೀಲಾದೇವಿ ಎಂಬ ದೇವಿಯೂ ಇದ್ದಾಳೆ. ಆದರೆ ನಮ್ಮ ಭಾಗದಲ್ಲಿ ನೀಲಮ್ಮ ಎಂದು ಹೆಸರಿಡುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವವಳು ಹನ್ನೆರಡನೇ ಶತಮಾನದ ಶರಣೆ ನೀಲಾಂಬಿಕೆ. ಬಸವಣ್ಣನವರ ಇಬ್ಬರು ಮಡದಿಯರಲ್ಲಿ ಒಬ್ಬಳು, ಇನ್ನೊಬ್ಬಳು ಗಂಗಾಂಬಿಕೆ. ನೀಲಗಂಗಮ್ಮ ಎಂಬ ಹೆಸರು ನಮ್ಮಲ್ಲಿ ಕೇಳಿದ್ದೀರಲ್ಲ, ಅದರಲ್ಲಿ ಇಬ್ಬರೂ ಒಟ್ಟಿಗೆ ಕೂತಿದ್ದಾರೆ.

ನೀಲಾಂಬಿಕೆಯನ್ನು ಬಸವಣ್ಣನವರ ಹೆಂಡತಿ ಎಂದಷ್ಟೇ ಹೇಳಿ ಮುಗಿಸುವುದು ಅನ್ಯಾಯ. ಆಕೆ ಸ್ವತಃ ವಚನಕಾರ್ತಿ. ಆಕೆಯ ನೂರಕ್ಕೂ ಹೆಚ್ಚು ವಚನಗಳು ಸಿಕ್ಕಿವೆ. ವಚನದ ಕೊನೆಗೆ ಬರುವ ಮುದ್ರೆಗೆ ಅಂಕಿತ ಎನ್ನುತ್ತಾರೆ, ಬ್ಯಾಂಕಿನಲ್ಲಿ ನಾವು ಸಹಿ ಎನ್ನುವ ಹಾಗೆ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ನೀಲಾಂಬಿಕೆ ಅದನ್ನೇ ಎತ್ತಿಕೊಳ್ಳಲಿಲ್ಲ. ಸಂಗಯ್ಯ ಎಂದು ತನ್ನದೇ ಅಂಕಿತ ಇಟ್ಟುಕೊಂಡಳು. ದೇವರು ಅದೇ, ಸಹಿ ಬೇರೆ.

ಶರಣ ಪರಂಪರೆಯಲ್ಲಿ ಆಕೆಯ ಬಗ್ಗೆ ಒಂದು ಕಥೆ ಹೇಳುತ್ತಾರೆ. ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ಹೋದ ಬಸವಣ್ಣನವರು ಆಕೆಯನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದರಂತೆ. ಆಕೆ ಕೇಳಿದಳಂತೆ: ಅಲ್ಲಿರುವ ಸಂಗಯ್ಯ ಇಲ್ಲಿ ಇಲ್ಲವೇ? ಕರೆದದ್ದು ಗಂಡ, ಕರೆ ತಂದದ್ದು ಆತನ ನೆಚ್ಚಿನ ಸಂಗಾತಿ. ಆದರೂ ಆಕೆ ತನ್ನ ಮನಸ್ಸಿಗೆ ಹೊಳೆದ ಪ್ರಶ್ನೆಯನ್ನು ನುಂಗಿಕೊಳ್ಳಲಿಲ್ಲ. ಕೃಷ್ಣಾ ನದಿಯ ದಡದ ತಂಗಡಗಿಯಲ್ಲಿ ಆಕೆ ಐಕ್ಯಳಾದಳು ಎಂಬುದು ನಂಬಿಕೆ. ಮುದ್ದೇಬಿಹಾಳ ತಾಲ್ಲೂಕಿನ ಈ ಊರಿಗೆ ಇವತ್ತಿಗೂ ಆಕೆಯ ಹೆಸರಿನಲ್ಲಿ ಜನ ಹೋಗುತ್ತಾರೆ. ಗಂಗಾಂಬಿಕೆಯ ಐಕ್ಯಸ್ಥಳ ಬೆಳಗಾವಿ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಮಡಿಲಲ್ಲಿದೆ. ಮಲಪ್ರಭೆ ಬಂದು ಕೃಷ್ಣೆಯನ್ನು ಸೇರುವ ಜಾಗವೇ ಬಸವಣ್ಣನವರ ಕೂಡಲಸಂಗಮ. ಭೂಪಟ ತೆಗೆದು ಮೂರೂ ಊರಿಗೆ ಒಂದೊಂದು ಚುಕ್ಕಿ ಇಟ್ಟು ನೋಡಿ, ಮಕ್ಕಳೇ.

ನೀಲಗುಂದದವರಿಗೆ ಇನ್ನೊಂದು ಮಾತು. ನಿಮ್ಮೂರಿನ ಭೀಮೇಶ್ವರ ದೇವಾಲಯದ ಕುಸುರಿ ಕೆಲಸ ನೋಡಿದ್ದೀರಲ್ಲ, ಅದು ಕಲ್ಯಾಣದ ಚಾಲುಕ್ಯರ ಕಾಲದ್ದು. ಆ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿಯೇ ನೀಲಾಂಬಿಕೆ ಬಾಳಿದ್ದು. ದೇವಾಲಯ ಹಳೆಯದೆಂದು ಯಾರೂ ನಗುವುದಿಲ್ಲ. ಬೇರೆ ಊರಿನಿಂದ ನೆಂಟರು ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತೇವೆ. ಅಷ್ಟೇ ಹಳೆಯದಾದ ಹೆಸರಿಗೆ ಮಾತ್ರ ಹಿಂದಿನ ಬೆಂಚಿನಿಂದ ನಗು ಯಾಕೆ?

ಜಮೆಯ ಬದಿ ಇಷ್ಟಾಯಿತು. ಈಗ ಖರ್ಚಿನ ಬದಿ. ನೀಲಮ್ಮ ಎಂಬ ಹೆಸರು ಹೇಗೆ ಬಳಕೆಯಾಯಿತು, ಹೇಗೆ ಸವೆಯಿತು ಎಂಬ ಲೆಕ್ಕ.

ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಕೂಗುತ್ತಾಳೆ. ಸುತ್ತಲಿನ ಹೆಂಗಸರು ನಗುತ್ತ ಅವಳ ಬೆನ್ನಿಗೊಂದು ಗುದ್ದು ಹಾಕುತ್ತಾರೆ. ಅಷ್ಟು ಸಂಭ್ರಮದಿಂದ ಇಟ್ಟ ಹೆಸರನ್ನು ಮಾರನೆಯ ದಿನದಿಂದಲೇ ಯಾರೂ ಕರೆಯುವುದಿಲ್ಲ. ಅಜ್ಜಿಯ ಹೆಸರು ಇಟ್ಟಿದ್ದರಂತೂ ತೀರಿತು. ಸೊಸೆಯಾದವಳು ಅತ್ತೆಯ ಹೆಸರು ಹಿಡಿದು ಮಗುವನ್ನು ಗದರುವುದು ಹೇಗೆ? ಅದಕ್ಕೇ ಅವ್ವಿ, ಪುಟ್ಟಿ, ಚಿನ್ನಿ ಎಂಬ ಕರೆಯುವ ಹೆಸರುಗಳು. ಮದುವೆಯಾದ ಮೇಲೆ ಇಂಥವನ ಹೆಂಡತಿ, ಇಂಥ ಮನೆಯ ಸೊಸೆ. ಮಗು ಹುಟ್ಟಿದ ಮೇಲೆ ಇಂಥವನ ತಾಯಿ. ಕೆಲವು ಮನೆಗಳಲ್ಲಿ ಮದುವೆಯ ದಿನವೇ ಹೆಸರು ಬದಲಾಯಿಸುವ ಪದ್ಧತಿಯೂ ಇತ್ತು. ಆಗ ತವರಿಗೊಂದು ಹೆಸರು, ಗಂಡನ ಮನೆಗೊಂದು ಹೆಸರು. ಗಂಡನ ಹೆಸರು ಹೇಳುವಂತೆ ಹೆಂಗಸರನ್ನು ಕಾಡಿ ಒಡಪು ಕಟ್ಟಿಸುತ್ತಿದ್ದರು. ಹೆಂಡತಿಯ ಹೆಸರು ಹೇಳಲು ಗಂಡಸರಿಗೂ ಅಷ್ಟೇ ಸಂಕೋಚ. "ಏ, ಇಲ್ಲಿ ಬಾ" ಎಂದರೆ ಮುಗಿಯಿತು.

ಕಾಗದದ ಮೇಲೆ ಏನಾಯಿತು? ಪಹಣಿಯಲ್ಲಿ, ಸಾಲದ ಪತ್ರದಲ್ಲಿ ಗಂಡಸರ ಹೆಸರಿನ ಮುಂದೆ "ಬಿನ್" ಎಂದು ಬರೆದು ತಂದೆಯ ಹೆಸರು ಬರೆಯುತ್ತಿದ್ದರು. ಬಿನ್ ಎಂದರೆ ಮಗ, ಅರಬ್ಬಿ ಭಾಷೆಯ ಪದ. ಮದುವೆಯಾದ ಹೆಂಗಸಿನ ಹೆಸರಿನ ಮುಂದೆ "ಕೋಂ" ಎಂದು ಬರೆದು ಗಂಡನ ಹೆಸರು. ಕೋಂ ಎಂದರೆ ಇಂಥವರ ಹೆಂಡತಿ. ನಮ್ಮ ಖಾತೆ ಪುಸ್ತಕದಲ್ಲೂ ಹಾಗೆಯೇ. ಒಂದೇ ಪುಟದಲ್ಲಿ ನಾಲ್ಕು ನೀಲಮ್ಮ. ಕೋಂ ನೋಡಿಯೇ ಯಾರು ಯಾವ ನೀಲಮ್ಮ ಎಂದು ಹೇಳಬೇಕಿತ್ತು.

ಕೌಂಟರಿನಲ್ಲಿ ಕೂತು ಹೆಸರು ಕೂಗುವಾಗ ಒಂದು ವಿಚಿತ್ರ ಮತ್ತೆ ಮತ್ತೆ ಕಾಣುತ್ತಿತ್ತು. "ನೀಲಮ್ಮ" ಎಂದು ಕೂಗಿದರೆ ಬೆಂಚಿನ ಮೇಲಿದ್ದ ವಯಸ್ಸಾದ ಹೆಂಗಸು ಏಳುತ್ತಲೇ ಇರಲಿಲ್ಲ. ಕಿವಿ ಕೇಳಿಸದೆ ಅಲ್ಲ. ಪಕ್ಕದವಳು ಮೊಣಕೈಯಿಂದ ತಿವಿದು "ಯವ್ವಾ, ನಿನ್ನನ್ನೇ ಕರೀತಿದಾರ" ಎಂದಾಗ ಆಕೆ ಬೆಚ್ಚಿ ಎದ್ದು, "ಹೌದಲ್ಲ, ನಾನೇ" ಎಂದು ನಾಚಿ ನಗುತ್ತಿದ್ದಳು. ಎಷ್ಟೋ ವರ್ಷದಿಂದ ಯಾರೂ ಕರೆಯದ ಹೆಸರು. ಸ್ವಂತ ಹೆಸರೇ ಅಪರಿಚಿತರ ಹೆಸರಿನಂತೆ ಕೇಳಿಸುತ್ತಿತ್ತು.

ಈಗಿನ ತೊಂದರೆ ಬೇರೆ. ಪಾಸ್‌ಬುಕ್ಕಿನಲ್ಲಿ ನೀಲವ್ವ, ರೇಷನ್ ಕಾರ್ಡಿನಲ್ಲಿ ನೀಲಮ್ಮ, ಆಧಾರ್ ಕಾರ್ಡಿನಲ್ಲಿ ನೀಲಾಂಬಿಕಾ. ಊರಿನವರಿಗೆ ಒಬ್ಬಳೇ, ಕಂಪ್ಯೂಟರಿಗೆ ಮೂವರು. ಇಂಗ್ಲಿಷಿನಲ್ಲಿ ಬರೆಯುವಾಗ ನೀ ಅಕ್ಷರಕ್ಕೆ ಎರಡು ಇ ಹಾಕುವವರು ಕೆಲವರು, ಒಂದೇ ಐ ಹಾಕುವವರು ಕೆಲವರು. ಅಲ್ಲಿಗೆ ಇನ್ನೆರಡು ನೀಲಮ್ಮಂದಿರು ಹುಟ್ಟಿದರು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಶುರುವಾಯಿತಲ್ಲ, ಆಗ ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಗದಗಳನ್ನೆಲ್ಲ ಮೊದಲ ಸಲ ಒಟ್ಟಿಗೆ ಹರಡಿ ನೋಡಿದರು. ಹೆಸರು ತಾಳೆಯಾಗದೆ ಓಡಾಡಿದವರಿಗೆ ಅದರ ಕಷ್ಟ ಗೊತ್ತು.

ಊರಿನ ವಿಳಾಸವೂ ಹೀಗೇ ಬದಲಾಗಿದೆ ಅನ್ನಿ. ನಮ್ಮ ಹಿರಿಯರು ಮದರಾಸು ಪ್ರಾಂತ್ಯದಲ್ಲಿ ಹುಟ್ಟಿದರು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವಾಯಿತು. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಹೋಯಿತು, ಆಮೇಲೆ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆ. ಇಷ್ಟಾದರೂ ನೀಲಗುಂದ ನೀಲಗುಂದವಾಗಿಯೇ ಉಳಿಯಿತು. ಮೇಲಿನ ಸಾಲುಗಳನ್ನು ಎಷ್ಟು ಸಲ ತಿದ್ದಿದರೂ ಊರಿನ ಹೆಸರನ್ನು ಊರಿನವರು ಬಿಡಲಿಲ್ಲ.

ಈಗ ಪತ್ರಕ್ಕೆ ಉತ್ತರ.

ತಾಯಿ, ಹೆಸರು ನಿನ್ನದು. ಬದಲಾಯಿಸಿಕೊಳ್ಳುವುದು ತಪ್ಪಲ್ಲ, ಯಾರಿಗೂ ಮಾಡಿದ ಅಪಮಾನವೂ ಅಲ್ಲ. ಬದಲಾಯಿಸುವುದೇ ಆದರೆ ನಿನ್ನ ಮೇಷ್ಟ್ರು ಹೇಳಿದ್ದು ಸರಿ: ಪರೀಕ್ಷೆಯ ಅರ್ಜಿ ಹೋಗುವ ಮೊದಲೇ ಶಾಲೆಯಲ್ಲಿ ಕೇಳಿ, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್, ಪಾಸ್‌ಬುಕ್ ಎಲ್ಲದರಲ್ಲೂ ಒಂದೇ ರೀತಿ ಮಾಡಿಸಬೇಕು. ಆಧಾರ್ ಕಾರ್ಡಿನಲ್ಲಿ ಹೆಸರು ತಿದ್ದಲು ಒಬ್ಬರಿಗೆ ಸಾಮಾನ್ಯವಾಗಿ ಎರಡೇ ಸಲ ಅವಕಾಶ. ಅದನ್ನು ದುಂದು ಮಾಡಬೇಡ. ಒಂದರಲ್ಲಿ ಬದಲಾಗಿ ಇನ್ನೊಂದರಲ್ಲಿ ಉಳಿದರೆ ನಿನ್ನ ಅಜ್ಜಿಯ ವಯಸ್ಸಿನವರು ಪಟ್ಟ ಪಾಡು ನಿನಗೂ ತಪ್ಪದು.

ಆದರೆ ನನ್ನ ಅಭಿಪ್ರಾಯ ಕೇಳಿದ್ದೀಯ, ಅದಕ್ಕೆ ಹೇಳುತ್ತೇನೆ. ಹಿಂದಿನ ಬೆಂಚಿನ ನಗುವಿಗಾಗಿ ಬದಲಾಯಿಸಬೇಡ. ಆ ನಗು ಹತ್ತನೇ ತರಗತಿಯ ಜೊತೆಗೇ ಮುಗಿಯುತ್ತದೆ, ಅಂಕಪಟ್ಟಿ ಉಳಿಯುತ್ತದೆ. ಇವತ್ತು ಹೊಸದಾಗಿ ಕಾಣುವ ಹೆಸರುಗಳೂ ಇನ್ನು ಐವತ್ತು ವರ್ಷಕ್ಕೆ ಅಜ್ಜಿಯರ ಹೆಸರುಗಳೇ. ಆಗಿನ ಮಕ್ಕಳು "ಅನನ್ಯಾ ಅಜ್ಜಿ" ಎಂದು ನಗುತ್ತಾರೆ, ನೋಡುತ್ತಿರು.

ಇನ್ನೂ ಒಂದು ಕಾರಣವಿದೆ. ನಿನ್ನ ಅಜ್ಜಿ ಹೆಬ್ಬೆಟ್ಟು ಒತ್ತುತ್ತಾಳೆ ಎಂದು ಬರೆದಿದ್ದೀಯ. ಅಂದರೆ ಆಕೆಯ ಹೆಸರನ್ನು ಇದುವರೆಗೆ ಬರೆದವರೆಲ್ಲ ಬೇರೆಯವರು. ನನ್ನಂಥ ಗುಮಾಸ್ತರು, ಗ್ರಾಮ ಲೆಕ್ಕಿಗರು, ಕಾರ್ಡು ಮಾಡಿಸುವವರು, ಅವರವರ ಕಿವಿಗೆ ಕೇಳಿಸಿದ ಹಾಗೆ ಬರೆದರು. ನಿಮ್ಮಿಬ್ಬರಲ್ಲಿ ನೀಲಮ್ಮ ಎಂದು ಸ್ವಂತ ಕೈಯಿಂದ ಸಹಿ ಮಾಡುವವಳು ನೀನೇ ಮೊದಲು. ಪರೀಕ್ಷೆಯ ಅರ್ಜಿಯಲ್ಲಿ, ಉತ್ತರ ಪತ್ರಿಕೆಯಲ್ಲಿ, ಮುಂದೆ ಕಾಲೇಜಿನಲ್ಲಿ, ಕೆಲಸದ ಆದೇಶದಲ್ಲಿ ಆ ಹೆಸರು ನಿನ್ನ ದುಂಡನೆಯ ಅಕ್ಷರದಲ್ಲಿ ಇರುತ್ತದೆ. ಎಮ್ಮೆಗೆ ಮೇವು ಹಾಕಲು ಎದ್ದು ಹೋದ ಅಜ್ಜಿಯ ಮನಸ್ಸಿನಲ್ಲಿ ಏನಿತ್ತು ಎಂದು ಇಲ್ಲಿ ಕೂತ ನಾನು ಹೇಳಲಾರೆ. ಅದನ್ನು ಆಕೆಯನ್ನೇ ಕೇಳಬೇಕು. "ಅಜ್ಜಿ, ನಿನ್ನ ಹೆಸರು ನಿನಗೆ ಇಷ್ಟವಾ? ಇದನ್ನ ನಿನಗೆ ಯಾರು ಇಟ್ಟರು?" ಎಂದು ಪಕ್ಕದಲ್ಲಿ ಕೂತು ಕೇಳು. ಉತ್ತರ ಕೇಳಿದ ಮೇಲೆ ನಿನಗೆ ಸರಿ ಕಂಡದ್ದನ್ನು ಮಾಡು. ಎರಡರಲ್ಲಿ ಯಾವುದಾದರೂ ನನ್ನ ಆಶೀರ್ವಾದ ಇದ್ದೇ ಇದೆ.

ಹಿರಿಯರಿಗೆ ಒಂದು ವಿನಂತಿ. ಮನೆಯ ಹೆಂಗಸರ ಕಾಗದಗಳನ್ನೆಲ್ಲ ಒಂದು ದಿನ ಒಟ್ಟಿಗೆ ಹರಡಿಕೊಂಡು ಹೆಸರು ತಾಳೆ ನೋಡಿ. ತುರ್ತು ಬಂದಾಗ ಓಡಾಡುವುದಕ್ಕಿಂತ ಬಿಡುವಿದ್ದಾಗ ಸರಿಮಾಡಿಸುವುದು ವಾಸಿ. ಮೊಮ್ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದರೆ ಈಗಲೇ ಬರೆಸಿ. ಜನನ ನೋಂದಣಿಯಾದ ಹನ್ನೆರಡು ತಿಂಗಳೊಳಗೆ ಅದಕ್ಕೆ ಶುಲ್ಕವಿಲ್ಲ. ಆಮೇಲೆ ತಡವಾದ ಶುಲ್ಕ ಕಟ್ಟಿ 15 ವರ್ಷದೊಳಗೆ ಸೇರಿಸಬಹುದು.

ಮಕ್ಕಳಿಗೆ ಈ ವಾರದ ಕೆಲಸ. ಅಪ್ಪ, ತಾತ, ಮುತ್ತಾತ ಎಂದು ಗಂಡಸರ ಹೆಸರು ಮೂರು ತಲೆಮಾರು ಹೇಳುವವರು ನಿಮ್ಮಲ್ಲಿ ಬೇಕಾದಷ್ಟಿದ್ದೀರಿ. ಈಗ ಅಮ್ಮ, ಅಮ್ಮನ ಅಮ್ಮ, ಅವಳ ಅಮ್ಮ, ಅವಳ ಅಮ್ಮ ಎಂದು ಹಾಳೆಯ ಮೇಲೆ ಬರೆಯುತ್ತಾ ಹೋಗಿ. ಪ್ರತಿ ಹೆಸರಿನ ಮುಂದೆ ಅದರ ಅರ್ಥ, ಇಟ್ಟವರು ಯಾರು, ತವರಿನಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಕೇಳಿ ಬರೆಯಿರಿ. ಎಲ್ಲಿಗೆ ನಿಲ್ಲುತ್ತದೆಯೋ ಅಲ್ಲಿ ಒಂದು ಗೆರೆ ಎಳೆದು ಕಳಿಸಿ. ಬಹಳ ಮನೆಗಳಲ್ಲಿ ಗೆರೆ ಬೇಗ ಬರುತ್ತದೆ. ಅಜ್ಜಿ ಇರುವಾಗಲೇ ಕೇಳಿದರೆ ಒಂದು ಸಾಲು ಕೆಳಗೆ ಸರಿಯುತ್ತದೆ.

ಮುಂದಿನ ವಾರದ ಹೆಸರು: ಕೊಟ್ರಮ್ಮ.